ಹೊರೆ ತಿದ್ದಿದ ಗಾಡಿ

ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯ ಹೊರಗೆ ಬೆಳಗಿನ ಹೊತ್ತು ನಿಂತ ಪಿಕಪ್ಪುಗಳಲ್ಲಿ ಹೊಸದು ಯಾವುದು, ಹಳೆಯದು ಯಾವುದು ಎಂದು ತಿಳಿಯಲು ನಂಬರ್ ಪ್ಲೇಟ್ ನೋಡಬೇಕಾಗಿಲ್ಲ. ಹೊಸದು ಶೋರೂಮಿನಿಂದ ಹೇಗೆ ಬಂತೋ ಹಾಗೇ ಇರುತ್ತದೆ. ಹಳೆಯದರ ಮೈಮೇಲೆ ಕಂಪನಿಯವರು ಕನಸಲ್ಲೂ ಕಾಣದ ಸಾಮಾನು: ಪಕ್ಕದ ಡೋರಿನ ಮೇಲೆ ಎರಡಡಿ ಎತ್ತರದ ಜಾಲರಿ, ಮೂಲೆಗೊಂದು ಕಬ್ಬಿಣದ ಆ್ಯಂಗಲ್, ಹಗ್ಗ ಬಿಗಿಯಲು ಸುತ್ತಲೂ ಬೆಸೆದ ಕೊಕ್ಕೆ, ಕ್ಯಾಬಿನ್ ತಲೆಯ ಮೇಲೆ ಟಾರ್ಪಾಲು ಸುತ್ತಿಡಲು ಕಂಬಿ. ಹದಿನೈದು ವರ್ಷ ದುಡಿದ ಗಾಡಿ ಅರ್ಧ ಕಾರ್ಖಾನೆಯದು, ಇನ್ನರ್ಧ ಊರಿನ ವೆಲ್ಡಿಂಗ್ ಅಂಗಡಿಯದು. ಸ್ವಲ್ಪ ಹೊತ್ತು ಕಣ್ಣಾಡಿಸಿದರೆ ಯಾವುದು ಗೂಡು ಹೊರುವ ಗಾಡಿ, ಯಾವುದು ಕಲ್ಲು ಹೊರುವ ಗಾಡಿ, ಯಾವುದು ಮಾವಿನದು ಎಂದು ಬರಿಮೈ ನೋಡಿಯೇ ಹೇಳಬಹುದು. ಮಾಲೀಕ ಗಾಡಿಯನ್ನು ಮಾರ್ಪಡಿಸಿದ ಅನ್ನುತ್ತೇವೆ. ನನಗಂತೂ ಆ ಕೆಲಸ ಹೊರೆಯದೇ ಅನ್ನಿಸುತ್ತದೆ; ಮಾಲೀಕ ದುಡ್ಡು ಕೊಡುತ್ತಾನೆ ಅಷ್ಟೆ.

ಈ ಸಂತತಿಗೆ ಬಹಳ ಹಿಂದಿನ ಚರಿತ್ರೆಯೇನಿಲ್ಲ. ನಮ್ಮ ಬಾಲ್ಯದಲ್ಲಿ ಊರಿಗೆ ಬರುತ್ತಿದ್ದದ್ದು ಮೆಟಡಾರ್. 1986ರಲ್ಲಿ ಟಾಟಾ 407, 1988ರಲ್ಲಿ ಟಾಟಾ ಮೊಬೈಲ್ 206, ಆಮೇಲೆ 207, ಮಹೀಂದ್ರದವರ ಪಿಕಪ್ಪುಗಳು ಒಂದರ ಹಿಂದೊಂದು ಬಂದವು. 2005ರಲ್ಲಿ ಎರಡೇ ಸಿಲಿಂಡರಿನ, 702 ಸಿ.ಸಿ.ಯ ಟಾಟಾ ಏಸ್ ಬಂದಮೇಲಂತೂ ಎತ್ತಿನಗಾಡಿ ಹೋಗುತ್ತಿದ್ದ ಓಣಿಗಳೆಲ್ಲ ಅದರದಾದವು. ಏಸ್ ಬಗ್ಗೆ ನನಗೆ ತಕರಾರಿಲ್ಲ. ಆದರೆ ತೋಟದ ಏರಿಯಲ್ಲಿ ಐವತ್ತು ಕ್ರೇಟು ಹೊತ್ತು ಹತ್ತುವಾಗ ಅದು ಇಡುವ ಕೂಗು ಕೇಳಿದರೆ ಇಳಿದು ತಳ್ಳೋಣ ಅನ್ನಿಸುತ್ತದೆ.

ನಮ್ಮ ಮನೆಯದು ಮಹೀಂದ್ರ ಪಿಕಪ್. ನಾಲ್ಕು ಸಿಲಿಂಡರಿನ 2523 ಸಿ.ಸಿ. ಡಿ.ಐ. ಇಂಜಿನ್. ಒಂದು ವರ್ಷ ರಸಪುರಿಗೆ ಒಳ್ಳೆಯ ರೇಟು ಸಿಕ್ಕಾಗ ಮಾಗಡಿ ರಸ್ತೆಯ ತರಕಾರಿ ವ್ಯಾಪಾರಿಯೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಆರ್.ಸಿ.ಯಲ್ಲಿ ಹೆಸರು ನನ್ನದು, ದರ್ಬಾರು ತಮ್ಮನದು. ನಾನು ಪಕ್ಕದ ಸೀಟಿನಲ್ಲಿ ಕೂತು ಟೀಕೆ ಮಾಡುವವನು. ಕೊಂಡ ವಾರವೇ ಅದನ್ನು ವೆಲ್ಡಿಂಗ್ ಅಂಗಡಿಗೆ ಒಯ್ದಾಗ, ಸರಿಯಾಗಿರೋ ಗಾಡಿಗೆ ಯಾಕಪ್ಪ ಕೈ ಹಾಕ್ತೀಯ ಅಂದೆ. "ಕಂಪನಿಯೋರು ಮೈಸೂರು ರೋಡ್ ನೋಡ್ಕಂಡು ಗಾಡಿ ಮಾಡವ್ರೆ ಕಣಣ್ಣ, ನಮ್ ತೋಟದ ದಾರಿ ನೋಡಿಲ್ಲ" ಅಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲು ಗೂಡಿನ ವಿಷಯ. ಹಣ್ಣಾದ ಹುಳು ಚಂದ್ರಿಕೆ ಹತ್ತಿ ಗೂಡು ಕಟ್ಟಿದ ಐದಾರು ದಿನಕ್ಕೆ ಬಿಡಿಸಿ ಮಾರುಕಟ್ಟೆಗೆ ತರಬೇಕು. ಒಳಗೆ ಹುಳು ಜೀವಂತವಿರುತ್ತದೆ. ತಡವಾದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ತೂತುಬಿದ್ದ ಗೂಡಿನಿಂದ ರೀಲರು ನೂಲೆಳೆಯಲಾರ. ಚೀಲ ಒತ್ತೊತ್ತಾಗಿ ಪೇರಿಸಿ ಮೇಲೆ ಟಾರ್ಪಾಲು ಬಿಗಿದರೆ ಒಳಗೆ ಬೆವೆತು ಗೂಡು ಕೆಡುತ್ತದೆ. ಆದ್ದರಿಂದ ಗೂಡಿನ ಗಾಡಿಗೆ ತಗಡಿನ ಗೋಡೆ ಬೇಡ, ಗಾಳಿಯಾಡುವ ಜಾಲರಿ ಬೇಕು. ನಡುವೆ ಎರಡು ಅಂತಸ್ತಾಗುವಂತೆ ಅಡ್ಡಕಂಬಿ ಇದ್ದರೆ ಕೆಳಗಿನ ಚೀಲ ಅಪ್ಪಚ್ಚಿಯಾಗುವುದಿಲ್ಲ. ಇಷ್ಟಾದರೂ ಗೂಡಿಗೆ ತೂಕವೇ ಇಲ್ಲ. ಗಾಡಿ ತುಂಬಿದಂತೆ ಕಾಣುತ್ತದೆ, ಅಡಿಯ ಸ್ಪ್ರಿಂಗಿನ ಕಮಾನು ಮಾತ್ರ ಒಂದಂಗುಲವೂ ಬಗ್ಗಿರುವುದಿಲ್ಲ.

ಗೂಡಿಗಿಂತ ಚಂದ್ರಿಕೆಯ ಸಾಗಣೆ ನೋಡಲು ಚಂದ. ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರಿನ ಚಾಪೆ, ಅದರ ಮೇಲೆ ಸುರುಳಿ ಸುರುಳಿಯಾಗಿ ಹೆಣೆದ ಬಿದಿರಿನ ಪಟ್ಟಿ. ಎಲ್ಲರ ಮನೆಯಲ್ಲೂ ಸಾಕಾಗುವಷ್ಟು ಇರುವುದಿಲ್ಲ, ಬಾಡಿಗೆಗೆ ತರಬೇಕು. ಮಲಗಿಸಿ ಪೇರಿಸಿದರೆ ಸುರುಳಿ ಮುರಿಯುತ್ತದೆಂದು ಅಡ್ಡಡ್ಡಲಾಗಿ ನಿಲ್ಲಿಸಿ ಒಂದಕ್ಕೊಂದು ಒರಗಿಸುತ್ತಾರೆ. ಅದಕ್ಕೇ ಆ ಮೂಲೆಯ ಆ್ಯಂಗಲ್ಲುಗಳು. ಕಂಪನಿಯ ಡೋರು ಅವುಗಳ ಮೊಣಕಾಲಿಗೂ ಬರುವುದಿಲ್ಲ. ಇನ್ನು ಹಿಪ್ಪುನೇರಳೆ ಸೊಪ್ಪು ಬೇರೆ. ಬಾಡಬಾರದೆಂದು ಒದ್ದೆ ಗೋಣಿ ಹೊದಿಸಿ ತರುವುದರಿಂದ ನೀರೆಲ್ಲ ತಳದ ಶೀಟಿಗೆ ಇಳಿದು ಎರಡು ಮಳೆಗಾಲಕ್ಕೆ ತುಕ್ಕು. ತಮ್ಮ ಹಳೇ ಶೀಟಿನ ಮೇಲೆ ಗೀರುಗೀರಿನ ದಪ್ಪ ಚೆಕ್ಕರ್ ಪ್ಲೇಟ್ ಹಾಕಿಸಿ, ಮೂಲೆಗಳಲ್ಲಿ ನೀರಿಳಿಯಲು ತೂತು ಕೊರೆಸಿದ. ಈಗ ದನ ಸಾಗಿಸಿದರೂ ಒಂದು ಕೊಡ ನೀರಿನಲ್ಲಿ ತೊಳೆದು ಮುಗಿಯುತ್ತದೆ.

ಕಷ್ಟ ಶುರುವಾಗುವುದು ಒಂದೇ ಗಾಡಿ ಎಲ್ಲವನ್ನೂ ಹೊರಬೇಕಾದಾಗ. ಮಾಗಡಿ ಕಡೆಯಿಂದ ಚಳಿಗಾಲದ ಅವರೆಕಾಯಿ ಮೂಟೆ, ಕನಕಪುರ ಕಡೆಯಿಂದ ಬೇಲಿಗೆ ಕಲ್ಲುಕಂಬ, ಬೇಸಗೆಗೆ ಮಾವು. ಕಲ್ಲುಕಂಬ ಹೊರಬೇಕೆಂದರೆ ಕಮಾನಿಗೆ ಇನ್ನೆರಡು ಪ್ಲೇಟ್ ಸೇರಿಸಬೇಕು, ಇಲ್ಲದಿದ್ದರೆ ಹಿಂಭಾಗ ಕುಸಿದು ಹೆಡ್‌ಲೈಟು ಆಕಾಶ ನೋಡುತ್ತದೆ. ಪ್ಲೇಟ್ ಸೇರಿಸಿದ ಗಾಡಿಯಲ್ಲಿ ಮಾವು ತುಂಬಿದರೋ, ತಗ್ಗು ಬಿದ್ದಲ್ಲೆಲ್ಲ ಕ್ರೇಟು ಕುಣಿಯುತ್ತದೆ. ಬಾದಾಮಿ ಹಣ್ಣಿಗೆ ಆದ ಪೆಟ್ಟು ಅವತ್ತು ಕಾಣುವುದಿಲ್ಲ, ಮಂಡಿಯಲ್ಲಿ ಮೂರನೇ ದಿನ ಕಪ್ಪು ಕಲೆಯಾಗಿ ಏಳುತ್ತದೆ. ತೋತಾಪುರಿಯಾದರೆ ಹೇಗೋ ತಡೆದುಕೊಂಡೀತು. ತೊಟ್ಟುಬಿಟ್ಟು ಕೊಯ್ದು, ಸೊನೆ ತಾಗದಂತೆ ಜೋಪಾನ ಮಾಡಿದ ಹಣ್ಣು ಕೊನೆಗೆ ಕಮಾನಿನಿಂದ ಹಾಳಾದರೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಮಾರ್ಚ್ ಕೊನೆಗೆ, ನಮ್ಮ ಕಡೆ ಮೊದಲ ಕಾಯಿ ಇಳಿಯುವ ಮುಂಚೆ, ತಮ್ಮ ಗಾಡಿಯನ್ನು ಜಾಕಿ ಕೊಟ್ಟು ಎತ್ತಿ ಯು-ಬೋಲ್ಟುಗಳನ್ನು ಬಿಚ್ಚುತ್ತಾನೆ. ಆ ದಿನ ನಾನೂ ಕೂತು ನೋಡುತ್ತೇನೆ. ವರ್ಷವಿಡೀ ಧೂಳು ತಿಂದ ಪ್ಲೇಟುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಸುತ್ತಿಗೆಯಲ್ಲಿ ತಟ್ಟಿ, ಬಿಡಿಸಿ, ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ಉಜ್ಜುತ್ತಾನೆ. ಕೊನೆಗಳು ಮೇಲಿನ ಪ್ಲೇಟಿಗೆ ಉಜ್ಜಿ ಉಜ್ಜಿ ಬೆಳ್ಳಿಬಣ್ಣಕ್ಕೆ ತಿರುಗಿರುತ್ತವೆ, ಬೆರಳಾಡಿಸಿದರೆ ಅಲ್ಲೊಂದು ಸಣ್ಣ ಹಳ್ಳ ಸಿಗುತ್ತದೆ. ಆ ಹಳ್ಳದಲ್ಲಿ ಕೂದಲೆಳೆಯಷ್ಟು ಬಿರುಕಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡುತ್ತಾನೆ. ಪ್ಲೇಟ್ ಅಲ್ಲಿಂದಲೂ ಮುರಿಯಬಹುದು. ನಡುವಿನ ಸೆಂಟರ್ ಬೋಲ್ಟ್ ಸವೆದಿದ್ದರೆ ಮರುಮಾತಿಲ್ಲದೆ ಬದಲು. ಅದು ತುಂಡಾದರೆ ಹಿಂದಿನ ಆ್ಯಕ್ಸಲ್ ಜಾರಿ ಗಾಡಿ ಓರೆಯಾಗಿ ಓಡತೊಡಗುತ್ತದೆ. ಆಮೇಲೆ ಸುಟ್ಟ ಆಯಿಲ್ ಸವರಿ, ಎರಡು ಪ್ಲೇಟ್ ಕಡಿಮೆ ಮಾಡಿ ಕಟ್ಟು ಕಟ್ಟುತ್ತಾನೆ. ತೆಗೆದ ಪ್ಲೇಟುಗಳು ಮಾವಿನ ಸುಗ್ಗಿ ಮುಗಿಯುವವರೆಗೆ ಅಟ್ಟದ ಮೇಲೆ.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಪ್ಲೇಟ್ ಸೇರಿಸಿದ್ದಕ್ಕೆ ಗಾಡಿಯ ಶಕ್ತಿ ಹೆಚ್ಚಿತು ಎಂದು ನಂಬುವವರು ಬಹಳ. ಹೆಚ್ಚುವುದು ಕಮಾನಿನ ಬಿಗಿ ಮಾತ್ರ. ಬ್ರೇಕು ಅದೇ, ಆ್ಯಕ್ಸಲ್ ಅದೇ, ಟೈರೂ ಅದೇ. ಗಾಡಿ ಬಗ್ಗದೆ ನೆಟ್ಟಗೆ ನಿಂತಿದೆಯಲ್ಲ ಎಂದು ಇನ್ನಷ್ಟು ತುಂಬುತ್ತಾರೆ, ಇಳಿಜಾರಿನಲ್ಲಿ ಬ್ರೇಕು ತನ್ನ ಲೆಕ್ಕ ಒಪ್ಪಿಸುತ್ತದೆ. ತಮ್ಮನೊಂದಿಗೆ ನನ್ನ ಜಗಳವೆಲ್ಲ ಇದರ ಮೇಲೆಯೇ.

ಹಳೇ ಗಾಡಿ ಇಟ್ಟುಕೊಳ್ಳುವ ಧೈರ್ಯ ಬರುವುದು ಗ್ಯಾರೇಜಿನಿಂದ. ರಾಮನಗರದ ಹಳೇ ಹೆದ್ದಾರಿಯ ಪಕ್ಕದ ನಮ್ಮ ಮೇಸ್ತ್ರಿ ಗಾಡಿ ಬರುವ ಸದ್ದಿಗೇ ತಲೆ ಎತ್ತುತ್ತಾರೆ. ಹೊಗೆ ನೋಡಿ ಅರ್ಧ ರೋಗ ಹೇಳುತ್ತಾರೆ: ಕಪ್ಪಗಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಏರ್ ಫಿಲ್ಟರೋ ನಾಜಲ್ಲೋ ನೋಡು, ನೀಲಿಯಾದರೆ ಆಯಿಲ್ ಸುಡುತ್ತಿದೆ, ರಿಂಗ್ ಸವೆದಿದೆ, ದುಡ್ಡು ಹೊಂದಿಸಿಕೋ. ಉಳಿದರ್ಧಕ್ಕೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಳ್ಳುತ್ತಾರೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳ ಬಗ್ಗೆ ಅವರಿಗೆ ಗೌರವವಿದೆ, ಪ್ರೀತಿಯಿಲ್ಲ. "ಈಗಿನ ಗಾಡಿಗೆ ಜ್ವರ ಬಂದ್ರೆ ನಾಡಿ ನೋಡಂಗಿಲ್ಲ ಸ್ವಾಮಿ, ಸೀದಾ ಸ್ಕ್ಯಾನಿಂಗು" ಅನ್ನುತ್ತಾರೆ. ಹೊಗೆ ಕಡಿಮೆಯಾಗಿದೆ, ಊರಿನ ಗಾಳಿಗೆ ಒಳ್ಳೆಯದೇ. ಆದರೆ ನಮ್ಮ ಗಾಡಿಯಲ್ಲಿ ಡೀಸೆಲ್ ಖಾಲಿಯಾಗಿ ಪೈಪಿನಲ್ಲಿ ಗಾಳಿ ಸೇರಿಕೊಂಡರೆ, ತಮ್ಮ ಫಿಲ್ಟರಿನ ಮೇಲಿನ ನಟ್ಟು ಸಡಿಲಿಸಿ, ಕೈಪಂಪು ಒತ್ತೊತ್ತಿ, ಗುಳ್ಳೆ ನಿಂತು ಬರೀ ಡೀಸೆಲ್ ಚಿಮ್ಮುವವರೆಗೆ ಕಾದು, ನಟ್ಟು ಬಿಗಿದು ಹೊರಡಿಸುತ್ತಾನೆ. ಬ್ಯಾಟರಿ ಕೈಕೊಟ್ಟರೆ ಇಳಿಜಾರಿದೆ, ನಾಲ್ಕು ಜನರಿದ್ದಾರೆ. ಇಲ್ಲಿ ಸಿಗದ ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಅಲ್ಲೂ ಇಲ್ಲದಿದ್ದರೆ ಶಿವಾಜಿನಗರದ ಗುಜರಿ. ನಮ್ಮ ಪವರ್ ಸ್ಟಿಯರಿಂಗ್ ಹಾಗೆ ಗುಜರಿಯಿಂದಲೇ ಬಂದದ್ದು. ಯಾರ ಗಾಡಿಯಲ್ಲಿ ಎಷ್ಟು ತಿರುವು ತಿರುಗಿತ್ತೋ, ಈಗ ನಮ್ಮ ತೋಟದ ಗೇಟಿನಲ್ಲಿ ತಿರುಗುತ್ತಿದೆ.

ಎಲ್ಲವೂ ಅಗತ್ಯಕ್ಕೇ ಅಂದರೆ ಸುಳ್ಳಾಗುತ್ತದೆ. ಗೇರ್ ಲಿವರಿನ ತುದಿಯ ಗುಂಡು ಒಡೆದಾಗ ಹತ್ತಿಪ್ಪತ್ತು ರೂಪಾಯಿಗೆ ಪ್ಲಾಸ್ಟಿಕ್ಕಿನದು ಸಿಗುತ್ತಿತ್ತು. ತಮ್ಮ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರ ಬಳಿ ಹೋಗಿ ಮರದ್ದೇ ಮಾಡಿಸಿದ. ಲೇತಿನಲ್ಲಿ ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಮೊದಲು ಹಳದಿ, ನಡುವೆ ಎರಡು ಕೆಂಪು ಉಂಗುರ, ಮೇಲೆ ಒಣಗರಿ ಹಿಡಿದು ಹೊಳಪು. ಬುಡದಲ್ಲಿ ಲಿವರಿನ ಮರೆಗೆ ಕೂರುವಂತೆ ನಟ್ಟೊಂದನ್ನು ಕೂಡಿಸಿಕೊಟ್ಟರು. ಐದನೇ ಗೇರಿಗೆ ಹಾಕುವಾಗ ಅಂಗೈಗೆ ಸಿಗುವ ಆ ನುಣುಪು ಗಾಡಿಯ ಮಿಕ್ಕ ಯಾವ ಭಾಗದಲ್ಲೂ ಇಲ್ಲ. ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿ ದೀಪದ ಪಟ್ಟಿಯನ್ನೂ ಅವನು ಅದೇ ಹುಮ್ಮಸ್ಸಿನಲ್ಲಿ ಹಾಕಿಸಿದ. ಅದನ್ನು ನಾನು ಈವರೆಗೆ ಕ್ಷಮಿಸಿಲ್ಲ.

ಮುಂದಿನ ಗಾಜಿನ ಮೇಲಿನ ಬರಹಕ್ಕೂ ಒಂದು ಭೂಗೋಳವಿದೆ. ಕಬ್ಬಾಳಮ್ಮ ಎಂದಿದ್ದರೆ ಕನಕಪುರದ ಕಡೆಯದು, ಸಾವನದುರ್ಗದ ವೀರಭದ್ರನೋ ತಿರುಮಲೆಯ ರಂಗನಾಥನೋ ಆದರೆ ಮಾಗಡಿಯದು, ಕೆಂಗಲ್ ಆಂಜನೇಯನಾದರೆ ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವಿನದು ಎಂದು ಸುಮಾರಾಗಿ ಹೇಳಬಹುದು. ಮದುವೆಯಾಗಿ ಬಂದವರ ಒತ್ತಾಯಕ್ಕೆ ಎರಡು ದೇವರಿರುವುದೂ ಉಂಟು. ಮುಂಚೆ ಪೈಂಟರು ಕುಂಚದಲ್ಲಿ ನೆರಳು ಕೊಟ್ಟು ಬರೆಯುತ್ತಿದ್ದರು, ಈಗೆಲ್ಲ ರೇಡಿಯಂ ಕಟಿಂಗು. ಅಕ್ಷರ ನೇರವಾಗಿದೆ, ಒಂದೇ ಅಚ್ಚಿನದಾಗಿದೆ, ನನಗೆ ಹಿಡಿಸಿಲ್ಲ.

ಇಷ್ಟು ಸಿಂಗಾರವೂ ಎಫ್.ಸಿ., ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿನ ಪರೀಕ್ಷೆ, ಬಂದಾಗ ಕಳಚಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ರೂಪವನ್ನು ನಮ್ಮಿಷ್ಟದಂತೆ ಬದಲಿಸುವಂತಿಲ್ಲ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಇದ್ದ ಪರೀಕ್ಷೆ ಆಮೇಲೆ ವರ್ಷವರ್ಷವೂ ಬರುತ್ತದೆ. 2022ರ ಏಪ್ರಿಲ್‌ನಿಂದ ಹದಿನೈದು ದಾಟಿದ ಗಾಡಿಗಳಿಗೆ ಶುಲ್ಕವೂ ಏರಿತು. ಆ ವಾರ ನಮ್ಮ ಅಂಗಳದಲ್ಲಿ ಜಾಲರಿ ಒಂದು ಕಡೆ, ಆ್ಯಂಗಲ್ಲು ಒಂದು ಕಡೆ, ಎಲ್‌ಇಡಿ ಪಟ್ಟಿ ಹಗ್ಗದ ಮಂಚದ ಕೆಳಗೆ. ಇದಕ್ಕೆಂದೇ ತಮ್ಮ ಎಲ್ಲವನ್ನೂ ಬೆಸೆಯದೆ ನಟ್ಟು ಬೋಲ್ಟಿನಲ್ಲಿ ಕೂರಿಸಿದ್ದಾನೆ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪು ಹೊಸದಾಗಿ ಅಂಟುತ್ತದೆ. ಹಾರ್ನ್ ಸಾಧು ದನಿಗೆ ಮರಳುತ್ತದೆ. ಸರ್ಟಿಫಿಕೇಟು ಕೈಗೆ ಬಂದ ಸಂಜೆಯೇ ಸ್ಪ್ಯಾನರಿನ ಸದ್ದು ಶುರು. ಬ್ರೇಕು, ಸ್ಟಿಯರಿಂಗ್, ಟೈರು ವರ್ಷಕ್ಕೊಮ್ಮೆಯಾದರೂ ಸರಿಯಾಗುತ್ತವಲ್ಲ ಎಂದು ನಾನು ಮಾತ್ರ ಆ ಪರೀಕ್ಷೆಯ ಪರ.

2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಗಾಡಿ ಮಾತ್ರ ಕೆಎ 42 ಆಗಿಯೇ ಓಡುತ್ತಿದೆ, ಅದೂ ಹೆಚ್ಚಾಗಿ ಹಳೇ ರಸ್ತೆಯಲ್ಲೇ. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ವೇ ಊರನ್ನು ಬಳಸಿ ಹೋಗುತ್ತದೆ. ಟೋಲು ಕೊಟ್ಟು ಹೋದರೆ ಮೇಸ್ತ್ರಿಯನ್ನು ಮಾತಾಡಿಸುವುದು ಯಾವಾಗ ಅನ್ನುವುದು ತಮ್ಮನ ವಾದ. ನಿಜವಾದ ಕಾರಣ ಟೋಲಿನ ದುಡ್ಡು.

ಮೊನ್ನೆ ಕನಕಪುರದ ಭಾವ ಕುರಿ ಸಾಗಿಸಲು ನಮ್ಮ ಗಾಡಿ ಕೊಳ್ಳುತ್ತೇನೆಂದು ಬಂದಿದ್ದರು. ಕೂತು, ಮಜ್ಜಿಗೆ ಕುಡಿದು, ಸುತ್ತು ಬಂದು, ಒಂದು ರೇಟೂ ಹೇಳಿದರು. ರೇಟು ಕೆಟ್ಟದ್ದೇನಲ್ಲ. ತಮ್ಮ ಒಪ್ಪುವಂತೆಯೇ ತಲೆ ಆಡಿಸಿ, "ಜಾಲರಿ ಬಿಚ್ಕತೀನಿ ಭಾವ, ಅದು ಗೂಡಿಗೆ ಅಂತ ಮಾಡ್ಸಿದ್ದು" ಅಂದ. ಆಗಲಿ ಅಂದರು. ಆ್ಯಂಗಲ್ಲೂ ಬೇಕಂತೆ. ಅಟ್ಟದ ಮೇಲಿನ ಪ್ಲೇಟು ವ್ಯಾಪಾರದಲ್ಲಿ ಸೇರಿಲ್ಲವಂತೆ. ಚೆಕ್ಕರ್ ಪ್ಲೇಟ್ ಮೊನ್ನೆ ತಾನೇ ಹಾಕಿಸಿದ್ದಂತೆ. ಗೇರಿನ ಗುಂಡು ಹೇಗೂ ಕೊಡುವುದಿಲ್ಲವಂತೆ. ಸ್ಟಿಯರಿಂಗ್ ವಿಷಯಕ್ಕೆ ಬರುವ ಹೊತ್ತಿಗೆ ಭಾವ ಎದ್ದು ಟವೆಲು ಕೊಡವಿದರು. "ಹಂಗಾರೆ ನೀನು ಮಾರ್ತಿರೋದು ಏನ್ಲಾ, ಬರೀ ನಂಬರಾ?" ಅಂದರು.

ವ್ಯಾಪಾರ ಕುದುರಲಿಲ್ಲ. ಹಿಂದಿನ ಡೋರಿನ ಕೊಂಡಿ ಸವೆದಿದೆ, ಬಾದಾಮಿ ಇಳಿಸುವ ಮುಂಚೆ ಬದಲಾಯಿಸಬೇಕೆಂದು ತಮ್ಮ ಇವತ್ತು ಮೇಸ್ತ್ರಿ ಹತ್ತಿರ ಹೋಗಿದ್ದಾನೆ. ಕೊಂಡಿಯೊಂದಕ್ಕೇ ಇಷ್ಟು ಹೊತ್ತಾಗುವುದಿಲ್ಲ, ಇನ್ನೇನು ಹಾಕಿಸುತ್ತಿದ್ದಾನೋ.