ಒಂದು ಬದಿಗೆ ತೆಳ್ಳಗಾದ ರೊಟ್ಟಿ

ಅಕ್ಕಲಕೋಟದ ಓಣಿಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳದಿಂದಲೇ ಬೆಳಗಾಗುವ ಮನೆಗಳು ಇಂದಿಗೂ ಉಂಟು. ಅಂಥ ಒಂದು ಮನೆಯ ತಾಯಿ 14 ವರುಷ ಖಡಕ್ ರೊಟ್ಟಿ ಮಾರಿ ಸಂಸಾರ ತೂಗಿಸಿದವಳು. ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರು ಶೇಂಗಾ ಚಟ್ನಿಯೊಡನೆ ಅವಳ ರೊಟ್ಟಿಯನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ಪುಣೆಯ ಒಂದು ಅಂಗಡಿಗೂ ವಾರಕ್ಕೊಮ್ಮೆ ಪಾಕೀಟುಗಳು ಹೋಗುತ್ತಿದ್ದವು. ಮಣಿಕಟ್ಟು ಮಾತು ಕೇಳದಾದಾಗ ಆಕೆ ಬಚತ್ ಗಟದಿಂದ ಸಾಲ ಎತ್ತಿ, ಸೋಲಾಪುರದ ಅಂಗಡಿಯೊಂದರಿಂದ ₹38,000ಕ್ಕೆ ರೊಟ್ಟಿ ಒತ್ತುವ ಯಂತ್ರ ತಂದಳು. ಎರಡು ದುಂಡು ಕಬ್ಬಿಣದ ತಟ್ಟೆ, ಕಾಯಿಸಲು ವಿದ್ಯುತ್ತು, ಒತ್ತಲು ಉದ್ದನೆಯ ಹಿಡಿಕೆ. ಅಷ್ಟೇ.

ಮೊದಲ ವಾರದಲ್ಲೇ ದೋಷ ಕಂಡಿತು. ರೊಟ್ಟಿ ಒಂದು ಬದಿಗೆ ಹಾಳೆಯಂತೆ ತೆಳ್ಳಗೆ, ಇನ್ನೊಂದು ಬದಿಗೆ ದಪ್ಪ. ಮೆತ್ತನೆಯ ರೊಟ್ಟಿಯಾದರೆ ಇದು ನಡೆದೀತು. ಖಡಕ್ ರೊಟ್ಟಿಗೆ ನಡೆಯದು. ತೆಳ್ಳಗಿನ ಬದಿ ಹೊತ್ತುತ್ತದೆ, ದಪ್ಪನೆಯ ಬದಿಯಲ್ಲಿ ಪಸೆ ಉಳಿಯುತ್ತದೆ. ಆ ಪಸೆ ಪಾಕೀಟಿನೊಳಗೆ ಬೂಸ್ಟಾಗುತ್ತದೆ. ಹಾಗೆಯೇ ಆಯಿತು. ಪುಣೆಯಿಂದ ಮಾಲು ಮರಳಿ ಬಂತು.

ಯಂತ್ರ ಕೊಳ್ಳುವ ಮುನ್ನ ಚಹಾ ಕುಡಿಸಿದ್ದ ಅಂಗಡಿಯವರು ಈಗ ಫೋನು ಎತ್ತುವುದನ್ನೇ ಮರೆತರು. ಆಕೆ ಖುದ್ದಾಗಿ ಹೋಗಿ ನಿಂತಾಗ ಬಂದ ಉತ್ತರ ಇದು: "ನಿಮ್ಮ ಹಿಟ್ಟಿನಾಗ ಜಿಗಿ ಇಲ್ಲರಿ ಅಕ್ಕಾರ, ಮಷೀನಿಗೆ ಏನೂ ಆಗಿಲ್ಲ."

ಮಾತು ಅರ್ಧ ನಿಜವೆಂಬುದೇ ಅದರ ಕಪಟ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. ಎಸರು ಸುರಿದು ಹಿಟ್ಟಿನ ಪಿಷ್ಟ ಬೆಂದರೆ ಮಾತ್ರ ಅದಕ್ಕೆ ಅಂಟು ಬರುತ್ತದೆ. ಬೀಸಿ ಬಹುದಿನವಾದ ಹಿಟ್ಟು ಎಷ್ಟು ನಾದಿದರೂ ಅಂಚಿನಲ್ಲಿ ಬಿರಿಯುತ್ತದೆ. ಆದರೆ ಮಾಲದಂಡಿ ಜೋಳವನ್ನು ಇಷ್ಟು ವರುಷ ಕೈಯಾರೆ ಬಡಿದವಳಿಗೆ ಹಿಟ್ಟಿನ ಪಾಠ ಹೇಳುವವರು ಯಾರು? ಆದರೂ ಆಕೆ ಮನೆಗೆ ಬಂದು ಒಂದು ರಾತ್ರಿ ತನ್ನ ಹಿಟ್ಟನ್ನೇ ಸಂಶಯಿಸಿದಳು. ಸಾಲ ಮಾಡಿದವರಿಗೆ ತಮ್ಮ ಮೇಲಿನ ನಂಬಿಕೆಯೇ ಮೊದಲು ಸಡಿಲುತ್ತದೆ.

ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಯ ಮಗಳು ಆ ಸಂಶಯವನ್ನು ಬಿಡಿಸಿದಳು. "ಅವ್ವಾ, ಉಂಡಿ ತಿರುವಿ ಇಟ್ಟು ನೋಡೂಣು." ಉಂಡೆಯ ಒಂದು ಪಕ್ಕಕ್ಕೆ ಅರಿಸಿನದ ಗುರುತು ಹಚ್ಚಿ ಒತ್ತಿದರು. ಮುಂದಿನ ಉಂಡೆಯ ಗುರುತನ್ನು ಕಾಲು ಸುತ್ತು ತಿರುಗಿಸಿ ಇಟ್ಟರು. ಹೀಗೆ ನಾಲ್ಕು ಸಲ. ದೋಷ ಹಿಟ್ಟಿನದಾಗಿದ್ದರೆ ಗುರುತಿನೊಡನೆ ತಿರುಗಬೇಕಿತ್ತು. ತೆಳ್ಳಗಿನ ಬದಿ ಪ್ರತಿಸಲವೂ ಕೀಲಿನ ಕಡೆಗೇ ಬಿತ್ತು. ಬಳಿಕ ತಣ್ಣಗಿದ್ದ ತಟ್ಟೆಗಳ ನಡುವೆ ನೋಟುಬುಕ್ಕಿನ ಹಾಳೆಗಳನ್ನು ತೂರಿಸಿದರು. ಕೀಲಿನ ಕಡೆ ಒಂದು ಹಾಳೆಯೂ ಹೋಗಲಿಲ್ಲ. ಹಿಡಿಕೆಯ ಕಡೆ ಏಳು ಹಾಳೆ ಸಲೀಸಾಗಿ ಹೋದವು.

ಇದೇ ಊರಿನ ಅರಮನೆಯ ಶಸ್ತ್ರಾಗಾರದಲ್ಲಿ ಸಂಸ್ಥಾನದ ಕಾಲದ ಆಯುಧಗಳಿವೆ. ಶಾಲೆಯ ಮಕ್ಕಳು ಬೆರಗಿನಿಂದ ನೋಡುತ್ತಾರೆ. ಕತ್ತಿಯ ಹಿಡಿ ಸಡಿಲಾದರೆ ಕಮ್ಮಾರನ ಮನೆಯ ಬಾಗಿಲಿಗೇ ಒಯ್ಯಬಹುದಾಗಿದ್ದ ಕಾಲವದು. ಈಗ ಮಾಡಿದವನು ಒಂದೂರು, ಮಾರಿದವನು ಇನ್ನೊಂದೂರು, ದುರಸ್ತಿಯವನು ಮತ್ತೊಂದೂರು. ದೋಷ ಮಾತ್ರ ಕೊಂಡವರ ಮನೆಯಲ್ಲಿ.

ಅಂಗಡಿಯವರ ಎರಡನೆಯ ಅಸ್ತ್ರ ವಾರಂಟಿ ಕಾರ್ಡಿನಲ್ಲಿತ್ತು. ಶಾಲೆಯಲ್ಲಿ ಕಲಿತ ಮರಾಠಿಯಿಂದ ಮಗಳು ಅದನ್ನು ಓದಿದಳು: ವ್ಯಾಪಾರಕ್ಕೆ ಬಳಸಿದರೆ ಹೊಣೆಯಿಲ್ಲ. ತಾಯಿ ಕೈಚೆಲ್ಲಿದಳು. ಹಲವರು ಕೈಚೆಲ್ಲುವುದು ಇಲ್ಲಿಯೇ. ಆದರೆ ಗ್ರಾಹಕನೆಂದರೆ ಯಾರೆಂದು ಹೇಳುವುದು ಕಾರ್ಡಲ್ಲ, ಕಾಯ್ದೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯಕ್ಕಾಗಿ ಕೊಂಡವರನ್ನು ಹೊರಗಿಡುತ್ತದೆ, ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ತಾವೇ ಬಳಸುವವರನ್ನು ಗ್ರಾಹಕರೆಂದೇ ಎಣಿಸುತ್ತದೆ. ಅವರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಇವರ ಮಟ್ಟಿಗೆ ಸೋಲಾಪುರದಲ್ಲಿ, ಎರಡು ವರುಷದೊಳಗೆ ದೂರು ಕೊಡಬಹುದು. ಕೊಂಡ ಬೆಲೆ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ; ವಕೀಲರೂ ಕಡ್ಡಾಯವಲ್ಲ.

ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. ಅದು ನ್ಯಾಯಾಲಯವಲ್ಲ, ಆಜ್ಞೆ ಮಾಡಲಾರದು. ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತದೆ. ಅಲ್ಲಿ ಕನ್ನಡದಲ್ಲಿ ಮಾತಾಡಬಹುದೆಂದು ತಿಳಿದಾಗ ತಾಯಿ ಫೋನನ್ನು ಮಗಳ ಕೈಯಿಂದ ತಾನೇ ತೆಗೆದುಕೊಂಡಳು. ಕೀಲು, ತಟ್ಟೆ, ಹಾಳೆ, ಬೂಸ್ಟು, ಎಲ್ಲವನ್ನೂ ಅಡ್ಡಿಯಿಲ್ಲದೆ ಹೇಳಿದಳು. ಸೋಲಾಪುರದ ಕೌಂಟರಿನೆದುರು ತಡವರಿಸಿದ್ದ ಹೆಂಗಸು ಇವಳೇ ಎಂದರೆ ಮಗಳಿಗೇ ನಂಬಿಕೆ ಬರಲಿಲ್ಲ. ಪಕ್ಕಾ ಬಿಲ್ಲಿನ ಪ್ರತಿ, ನಾಲ್ಕು ರೊಟ್ಟಿಗಳ ಚಿತ್ರ, ಮರಾಠಿಯಲ್ಲಿ ಬರೆದ ಒಂದು ಪುಟದ ಪತ್ರ ಸ್ಪೀಡ್ ಪೋಸ್ಟಿನಲ್ಲಿ ಅಂಗಡಿಗೂ ಕಂಪನಿಗೂ ಹೋದವು.

ಮೂರನೆಯ ವಾರ ಮೆಕ್ಯಾನಿಕ್ ಬಂದ. ಹಾಳೆಗಳನ್ನು ತಾನೂ ತೂರಿಸಿ ನೋಡಿದ. ಕೀಲಿನ ರಂಧ್ರವನ್ನೇ ಓರೆಯಾಗಿ ಕೊರೆದಿದ್ದಾರೆಂದು ಮೆಲ್ಲನೆ ಒಪ್ಪಿಕೊಂಡು ಮೇಲಿನ ತೋಳನ್ನು ಬದಲಿಸಿಕೊಟ್ಟ. ಬೂಸ್ಟು ಹಿಡಿದ ಪಾಕೀಟುಗಳ ಮಾತೆತ್ತಿದರೆ ಅಂಗಡಿಯವರು ಈಗಲೂ ಮೌನ. ಆ ಲೆಕ್ಕವನ್ನು ತಾರೀಖಿನೊಡನೆ ಮಗಳು ವಹಿಯಲ್ಲಿ ಬರೆದಿಟ್ಟಿದ್ದಾಳೆ. ದೂರಿನ ಅವಧಿ ಇನ್ನೂ ಮುಗಿದಿಲ್ಲ. ಪುಣೆಯ ಅಂಗಡಿ ಅರ್ಧ ಮಾಲು ಮಾತ್ರ ಕೇಳುತ್ತಿದೆ, ಅದನ್ನೂ ಕೈಯಿಂದ ಬಡಿದುದೇ ಆಗಬೇಕೆಂದು. ಉಳಿದದ್ದಕ್ಕೆ ಯಂತ್ರ. ಸೋಮವಾರ ಬೆಳಿಗ್ಗೆ ಅದನ್ನು ಕಾಯಿಸುವ ಮುನ್ನ ಮಗಳು ನಾಲ್ಕೂ ಕಡೆ ಒಂದೊಂದು ಹಾಳೆ ತೂರಿಸಿ ನೋಡಿ ಶಾಲೆಗೆ ಹೋಗುತ್ತಾಳೆ.