ಧೂಳೆಳೆಯುವ ಯಂತ್ರದ ನಾತ

ವ್ಯಾಕ್ಯೂಮ್ ಕ್ಲೀನರ್ ಎಂಬ ಯಂತ್ರವು ನಮ್ಮ ರಾಜಾಜಿನಗರದ ಅನೇಕ ಗೃಹಗಳಲ್ಲಿ ಈಗ ಪೊರಕೆಯ ಪಕ್ಕದಲ್ಲಿ ಸ್ಥಾನವನ್ನು ಪಡೆದಿರುವುದು. 1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರು ಇಂತಹುದಕ್ಕೆ ಪೇಟೆಂಟನ್ನು ಪಡೆದ ಕಾಲದಲ್ಲಿ, ಅದನ್ನು ಕುದುರೆಯ ಬಂಡಿಯ ಮೇಲೆ ಬೀದಿಯಲ್ಲಿ ನಿಲ್ಲಿಸಿ, ಕಿಟಕಿಗಳ ಮೂಲಕ ಕೊಳವೆಗಳನ್ನು ಮನೆಯೊಳಕ್ಕೆ ಬಿಡುತ್ತಿದ್ದರು. ನಿರ್ವಾತವೆಂಬರ್ಥದ ಅದರ ಹೆಸರು ಮಾತ್ರ ಅತ್ಯುಕ್ತಿಯೇ ಸರಿ. ಒಳಗಿನ ಫ್ಯಾನು ಗಾಳಿಯನ್ನು ಹಿಂದಕ್ಕೆ ತಳ್ಳಲಾಗಿ ಮುಂದಿನ ಗಾಳಿಯು ಧೂಳಿನೊಡನೆ ಒಳಕ್ಕೆ ನುಗ್ಗುವುದು; ಧೂಳು ಚೀಲದಲ್ಲಿ ನಿಲ್ಲುವುದು, ಗಾಳಿಯು ಪುನಃ ಕೋಣೆಗೇ ಬರುವುದು.

ಈ ಕಡೆಯ ಮಾತನ್ನು ವಾಚಕರು ಗಮನಿಸಬೇಕು. ನಮ್ಮ ಮನೆಯವರಿಗೆ ಬಹುಕಾಲದಿಂದ ಉಬ್ಬಸವುಂಟು. ಅವರ ಸಲುವಾಗಿಯೇ ಯಂತ್ರವನ್ನು ತರಿಸಿದ್ದು. ಕಳೆದ ಶ್ರಾವಣದಲ್ಲಿ ವರಮಹಾಲಕ್ಷ್ಮೀ ವ್ರತವಾದ ಮರುದಿನ, ನಮ್ಮ ಸೊಸೆಯು ಮಂಟಪದ ಸುತ್ತಲಿನ ಅಕ್ಷತೆ, ಒದ್ದೆ ಹೂವಿನ ಎಸಳುಗಳನ್ನೆಲ್ಲ ಯಂತ್ರದಿಂದಲೇ ತೆಗೆದಳು. ವಾರದೊಳಗೆ, ಯಂತ್ರವನ್ನು ನಡೆಸಿದೊಡನೆ ನಡುಮನೆಯಲ್ಲೆಲ್ಲ ಕೊಳೆತ ಹೂವಿನ ನಾತ. ಮನೆಯವರಿಗೆ ರಾತ್ರಿಯೆಲ್ಲ ಕೆಮ್ಮು. ಅಂಗಡಿಯವನೊಬ್ಬನು ಚೀಲದಲ್ಲಿ ಸುಗಂಧದ ಗುಳಿಗೆಯನ್ನಿಡಿರೆಂದನು. ಅದು ನಮಗೆ ಸಮ್ಮತವಾಗಲಿಲ್ಲ. ಉಬ್ಬಸವುಳ್ಳವರಿಗೆ ತೀಕ್ಷ್ಣವಾದ ಸುಗಂಧವೂ ಉಪದ್ರವವನ್ನುಂಟುಮಾಡಬಹುದು. ಅಲ್ಲದೆ ಕೊಳೆತದ್ದು ಒಳಗೇ ಉಳಿಯುವುದಷ್ಟೆ.

ಚೀಲವನ್ನು ಬಿಚ್ಚಿ ನೋಡಲಾಗಿ, ಅಕ್ಕಿ, ಕೂದಲು, ಎಸಳುಗಳು ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದು ಮುದ್ದೆಯಾಗಿದ್ದವು. ಅಂದಿನಿಂದ ಈ ಕಾರ್ಯವು ನಮ್ಮ ಪಾಲಿನದು. ಪ್ಲಗ್ಗನ್ನು ಕಿತ್ತು, ಮೂಗಿಗೆ ವಸ್ತ್ರವನ್ನು ಕಟ್ಟಿ, ಮನೆಯ ಹೊರಗೆ ಚೀಲವನ್ನು ಬರಿದುಮಾಡುವೆವು, ತುಂಬುವವರೆಗೆ ಕಾಯುವುದಿಲ್ಲ. ಬಟ್ಟೆಯ ಚೀಲವನ್ನೂ ಸ್ಪಂಜಿನ ಫಿಲ್ಟರನ್ನೂ ತಣ್ಣೀರಿನಲ್ಲಿ ಒಗೆಯಬಹುದೆಂದು ನಮ್ಮ ಯಂತ್ರದ ಪುಸ್ತಿಕೆಯಲ್ಲಿದೆ. ಕಾಗದದ ಫಿಲ್ಟರುಗಳಾದರೋ ನೀರಿಗೆ ಕೆಡುವುವು. ಒಗೆದುದನ್ನು ನೆರಳಿನಲ್ಲಿ ಒಂದು ಹಗಲು ಒಂದು ರಾತ್ರಿ, ಮಳೆಯ ದಿನಗಳಲ್ಲಿ ಎರಡು ದಿನ, ಒಣಗಿಸತಕ್ಕದ್ದು. ಸೊಸೆಗೆ ಇಷ್ಟು ತಾಳ್ಮೆಯಿಲ್ಲ. ಆದರೆ ಹಸಿಯದನ್ನು ಹಾಕಿದರೆ ಬೂಷ್ಟು ಮರಳುವುದಲ್ಲದೆ ಮೋಟಾರಿಗೂ ಹಾನಿ. ಬ್ರಷ್ಷಿಗೆ ಸುತ್ತಿದ ಕೂದಲನ್ನು ಕತ್ತರಿಯಿಂದ ಬಿಡಿಸುವೆವು. ಅಡಿಗೆ ಸೋಡಾದಿಂದ ಧೂಳಿನ ಡಬ್ಬಿಯನ್ನು ಉಜ್ಜಿ ತೊಳೆದರೆ ನಾತವು ಅಡಗುವುದು. ಆದರೆ ಆ ಪುಡಿಯನ್ನು ಯಂತ್ರಕ್ಕೆ ಎಳೆಯಗೊಡಬಾರದು, ಫಿಲ್ಟರಿನ ರಂಧ್ರಗಳು ಮುಚ್ಚುವುವು. ರಂಗೋಲಿಯ ಪುಡಿಗೂ ಇದೇ ನಿಯಮ.

ಸುಟ್ಟ ರಬ್ಬರಿನ ವಾಸನೆಯ ಸಂಗತಿ ಬೇರೆ. ಆಗ ಯಂತ್ರವನ್ನು ನಿಲ್ಲಿಸಿ ರಿಪೇರಿಯವನಲ್ಲಿಗೆ ಒಯ್ಯುವುದೇ ಲೇಸು.

ಈಗ ಹಬ್ಬದ ಮರುದಿನ ನಮ್ಮಲ್ಲಿ ಮೊದಲು ಪೊರಕೆ, ತರುವಾಯ ಯಂತ್ರ. ಅದು ನಡೆಯುವ ಹೊತ್ತು ಹಿತ್ತಲ ಕಿಟಕಿಗಳನ್ನು ತೆರೆದಿಡುವೆವು. ಮನೆಯವರು ಮಹಡಿಯ ಮೇಲೆ ತುಳಸಿಗೆ ನೀರೆರೆಯುತ್ತಿರುವರು.