ವಿಳಂಬವೂ ಒಂದು ವಾದ್ಯ

ನ್ಯಾಯಾಲಯದ ಭಾಷೆಯಲ್ಲಿ ವಿಳಂಬವೆಂಬುದು ಒಳ್ಳೆಯ ಮಾತಲ್ಲ. ಕಾಲಮಿತಿ ಮೀರಿ ಮೇಲ್ಮನವಿ ಸಲ್ಲಿಸುವವನು ಸಕಾರಣ ಕೊಟ್ಟು ವಿಳಂಬವನ್ನು ಮನ್ನಿಸಬೇಕೆಂದು ಬೇಡಿಕೊಳ್ಳಬೇಕು. ಜತ್ತದಲ್ಲಿ ಇಂಥ ಅರ್ಜಿಗಳನ್ನು ಬರೆಯುತ್ತಲೇ ನಲವತ್ತು ದಾಟಿದ ನನಗೆ, ವಿಳಂಬವನ್ನೇ ಬಂಡವಾಳ ಮಾಡಿಕೊಂಡ ಸಂಗೀತವೊಂದಿದೆ ಎಂಬುದು ಮೊದಲಿಗೆ ವಿಚಿತ್ರವಾಗಿ ಕಂಡಿತು. ಸಂಜೆ ಕಕ್ಷಿದಾರರು ಹೋದ ಬಳಿಕ ಅದನ್ನು ಕೇಳುತ್ತ ಕೇಳುತ್ತ, ಅದರ ಹಿಂದಿರುವ ಯಂತ್ರಗಳ ಮೇಲೂ ಕುತೂಹಲ ಬೆಳೆಯಿತು.

ಅಮೆರಿಕದ ಸಂಗೀತಗಾರ ಟೆರ್ರಿ ರೈಲಿ 1963ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ನಾಟಕಕ್ಕಾಗಿ ಚೆಟ್ ಬೇಕರ್ ಅವರ ಟ್ರಂಪೆಟ್ ವಾದನವನ್ನು ಬಳಸಿ ಸಂಗೀತ ಕಟ್ಟಿದರು. ಉಪಾಯ ಸರಳವಾದುದು. ಎರಡು ಟೇಪ್ ರೆಕಾರ್ಡರುಗಳ ಮೂಲಕ ಒಂದೇ ಟೇಪನ್ನು ಹಾಯಿಸುವುದು. ಮೊದಲನೆಯದು ಮುದ್ರಿಸಿಕೊಂಡದ್ದನ್ನು ಎರಡನೆಯದು ತುಸು ತಡವಾಗಿ ನುಡಿಸುತ್ತದೆ. ಆ ದನಿ ಮರಳಿ ಮೊದಲನೆಯದಕ್ಕೆ ಹೋಗಿ ಹೊಸ ವಾದನದೊಡನೆ ಬೆರೆಯುತ್ತದೆ. ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ಓಡುತ್ತಿದ್ದು, ನಡುವಿನ ಟೇಪಿನ ಉದ್ದ 95 ಸೆಂಟಿಮೀಟರ್ ಇದ್ದರೆ ವಿಳಂಬ 5 ಸೆಕೆಂಡು. ಕಾಲವನ್ನು ಮೊಳ ಹಾಕಿ ಅಳೆಯಬಹುದಾಗಿದ್ದ ದಿನಗಳವು. 1973ರಲ್ಲಿ ರಾಬರ್ಟ್ ಫ್ರಿಪ್ ಮತ್ತು ಬ್ರಯನ್ ಈನೋ ಇದೇ ವಿಧಾನದಿಂದ ಒಂದೇ ಗಿಟಾರಿನ ದನಿಯನ್ನು ಪದರ ಪದರವಾಗಿ ಬೆಳೆಸಿದರು.

ಈ ಟೇಪಿಗೊಂದು ಸ್ವಭಾವವಿತ್ತು. ಪ್ರತಿ ಸುತ್ತಿಗೂ ದನಿಯ ಹೊಳಪು ಕೊಂಚ ಮಾಸುತ್ತಿತ್ತು. ಹಳೆಯ ಸ್ವರ ಹಿಂದೆ ಸರಿದು ಹೊಸದಕ್ಕೆ ಎಡೆಗೊಡುತ್ತಿತ್ತು.

1969ರಲ್ಲಿ ಫಿಲಿಪ್ಸ್ ಸಂಸ್ಥೆಯ ಸಂಶೋಧಕರು ‘ಬಕೆಟ್ ಬ್ರಿಗೇಡ್’ ಎಂಬ ಅನಲಾಗ್ ಬಿಲ್ಲೆಯನ್ನು ರೂಪಿಸಿದರು. ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತವರು ಕೊಡವನ್ನು ಕೈಯಿಂದ ಕೈಗೆ ದಾಟಿಸುವಂತೆ, ಅದರೊಳಗೆ ವಿದ್ಯುದಂಶವು ಒಂದು ಕೆಪಾಸಿಟರಿನಿಂದ ಮತ್ತೊಂದಕ್ಕೆ ಸಾಗುತ್ತದೆ. ಸಾಗುವಾಗ ಒಂದಿಷ್ಟು ತುಳುಕುವುದೂ ಉಂಟು. ಸಾಲನ್ನು ಬಹಳ ಉದ್ದ ಮಾಡಿದರೆ ದನಿಯೇ ಕೆಡುವುದರಿಂದ, ಈ ವಿಳಂಬ ಸಾಮಾನ್ಯವಾಗಿ ಅರ್ಧ ಸೆಕೆಂಡಿನ ಆಸುಪಾಸಿಗೇ ನಿಲ್ಲುತ್ತಿತ್ತು. ಮಾರ್ದನಿಗೆ ಅದು ಸಾಕು. ಇಡೀ ಸಂಗೀತವಾಕ್ಯವನ್ನು ಸುತ್ತಿಸಲು ಸಾಲದು.

ಆ ಕೊರತೆಯನ್ನು ಡಿಜಿಟಲ್ ಯಂತ್ರ ನೀಗಿತು. 1980ರ ದಶಕದ ಆರಂಭದಲ್ಲಿ 16 ಸೆಕೆಂಡುಗಳಷ್ಟು ದನಿಯನ್ನು ಹಿಡಿದಿಡುವ ಪೆಟ್ಟಿಗೆಗಳು ಬಂದವು. ಇಂದು ಕಾಲಡಿಯ ಪೆಡಲು ಗಂಟೆಗಟ್ಟಲೆ ಸಂಗೀತವನ್ನು ನೆನಪಿಡಬಲ್ಲದು. ಒಬ್ಬನೇ ವಾದಕ ತಾಳ, ಮಂದ್ರ, ಮೇಳ ಎಲ್ಲವನ್ನೂ ವೇದಿಕೆಯ ಮೇಲೆಯೇ ಪೇರಿಸಿ ಅದರ ಮೇಲೆ ಹಾಡುತ್ತಾನೆ. ನೂರನೆಯ ಸುತ್ತೂ ಮೊದಲನೆಯದರಂತೆಯೇ ಸ್ವಚ್ಛ.

ಆದರೆ ಯಾವುದೂ ಮಾಸದಿದ್ದರೆ ಪದರಗಳು ಕಿಕ್ಕಿರಿದು ಗದ್ದಲವಾಗುತ್ತದೆ. ಅದಕ್ಕಾಗಿಯೇ ಕೆಲವು ಒಳ್ಳೆಯ ಯಂತ್ರಗಳಲ್ಲಿ ‘ಫೀಡ್‌ಬ್ಯಾಕ್’ ಎಂಬ ತಿರುಪೊಂದು ಇರುತ್ತದೆ. ಅದನ್ನು ನೂರರಿಂದ ತುಸು ಇಳಿಸಿದರೆ ಹಳೆಯ ದನಿ ಸುತ್ತುಸುತ್ತಿಗೂ ಕ್ಷೀಣಿಸುತ್ತದೆ. ಟೇಪಿಗೆ ಮರೆವು ಹುಟ್ಟುಗುಣವಾಗಿತ್ತು. ಡಿಜಿಟಲ್ಲಿನಲ್ಲಿ ಅದು ವಾದಕನ ನಿರ್ಧಾರ. ಏನನ್ನು ಉಳಿಸಬೇಕು, ಯಾವುದನ್ನು ಹೋಗಗೊಡಬೇಕು ಎಂಬ ಹೊಣೆ ಯಂತ್ರದಿಂದ ಮನುಷ್ಯನ ಕೈಗೆ ಬಂದಿದೆ.

ಇದೇ ರೈಲಿ 1970ರಲ್ಲಿ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಆ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ ಮಿರಜ ನಮ್ಮ ಜಿಲ್ಲೆಯಲ್ಲೇ ಇದೆ, ತಂಬೂರಿಗಳಿಗೆ ಹೆಸರಾದ ಊರು. ತಂಬೂರಿಯದೂ ನಾಲ್ಕು ತಂತಿಗಳ ಮುಗಿಯದ ಸುತ್ತು. ಆದರೂ ಒಂದು ಮೀಟು ಇನ್ನೊಂದರಂತಿಲ್ಲ, ಏಕೆಂದರೆ ಅಲ್ಲಿ ಬೆರಳಿದೆ.

ನಮ್ಮ ಹಳ್ಳಿಗಳ ಭಜನಾ ಮೇಳದಲ್ಲಿಯೂ ಮುಂದಾಳು ಹೇಳಿದ ಸೊಲ್ಲನ್ನು ಹಿಮ್ಮೇಳದವರು ತುಸು ತಡವಾಗಿ ಹಿಂದಿರುಗಿಸುತ್ತಾರೆ. ಒಬ್ಬ ಮಾತನ್ನು ಎಳೆಯುತ್ತಾನೆ, ಇನ್ನೊಬ್ಬ ಒಂದಕ್ಷರ ನುಂಗುತ್ತಾನೆ. ಹೀಗೆ ಸವೆಯುತ್ತ, ಸೇರುತ್ತಲೇ ಗಡಿಯ ಈ ಬದಿಯಲ್ಲಿ ನಮ್ಮ ಕನ್ನಡ ಪದಗಳು ಉಳಿದು ಬಂದಿವೆ. ಈಚೆಗೆ ಹಿಮ್ಮೇಳಕ್ಕೆ ಕೂರುವ ಹುಡುಗರು ಕಡಿಮೆಯಾಗಿದ್ದಾರೆ. ಮುಂದಾಳುಗಳ ಹಾಡು ಮೊಬೈಲಿನಲ್ಲಿ ಭದ್ರವಾಗಿದೆ. ಭದ್ರವಾಗಿರಲಿ. ಆದರೆ ಸುತ್ತಿಗೆ ಹೊಸ ದನಿ ಸೇರದಿದ್ದರೆ ಅದು ಸಂಗೀತವಲ್ಲ, ದಾಖಲೆ. ದಾಖಲೆಗಳ ಕಟ್ಟುಗಳು ನನ್ನ ಕಪಾಟಿನಲ್ಲಿ ಬೇಕಾದಷ್ಟಿವೆ. ಅವು ತಾವಾಗಿ ಹಾಡಿದ್ದನ್ನು ನಾನು ಕೇಳಿಲ್ಲ.